ಓದುಗರ ಪ್ರಶ್ನೆ: ಭಾನುವಾರ ಎಲ್ಲಿಗೆ ಹೋಗ್ತೀಯ ಅಂದರೆ ಏನು ಹೇಳಲಿ?

ಪ್ರಶ್ನೆ: ನಾನು ಕೋಲಾರದವಳು. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಕಂಪನಿ ಬಸ್ಸಿನಲ್ಲಿ ಓಡಾಟ. ಭಾನುವಾರ ಓಟಿ ಇದೆ ಅಂದರೆ ಎಲ್ಲರೂ ಹೆಸರು ಕೊಡುತ್ತಾರೆ, ನಾನು ಕೊಡುವುದಿಲ್ಲ. ಮೊನ್ನೆ ಪಕ್ಕದ ಸೀಟಿನ ಗೆಳತಿ, "ಭಾನುವಾರ ನಿಂಗೇನೇ ಅಂಥಾ ಕೆಲಸ?" ಅಂದಳು. "ಬಟ್ಟೆ ಒಗೆಯೋದಿರುತ್ತೆ" ಅಂದುಬಿಟ್ಟೆ. ನಾನು ಹೋಗುವುದು ಚರ್ಚಿಗೆ. ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ದೇವರು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾನೆ ಅನ್ನಿಸುತ್ತದೆ. ಚರ್ಚಿನ ಅಯ್ಯನವರು ಸಾಕ್ಷಿ ಹೇಳಿ, ಸಾಕ್ಷಿ ಹೇಳಿ ಅಂತಾರೆ, ಅಂದರೆ ನಿಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳಿ ಅಂತ. ನನಗೆ ಆ ಧೈರ್ಯವೇ ಇಲ್ಲ.
— ಹೆಸರು ಬೇಡ, ಕೋಲಾರ

ಉತ್ತರ: ಬೆಳಿಗ್ಗೆ ಶಿಫ್ಟ್ ಬಸ್ಸಿನಲ್ಲಿ, ಅರ್ಧ ನಿದ್ದೆಗಣ್ಣಿನಲ್ಲಿ, ಬಾಯಿಗೆ ಬಂದದ್ದನ್ನು ಹೇಳಿದಿರಿ. ಅದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮನ್ನು ಕೊರೆಯುತ್ತಿರುವುದು ಬಟ್ಟೆಯ ಮಾತಲ್ಲ. ದೇವರು ಅದನ್ನು ಕೇಳಿಸಿಕೊಂಡನಲ್ಲಾ ಅನ್ನುವುದು. ಅಲ್ವಾ?

ಯೇಸುವಿನ ಶಿಷ್ಯ ಪೇತ್ರನ ಕಥೆ ನಿಮಗೆ ಗೊತ್ತೇ ಇದೆ, ಆದರೂ ಇನ್ನೊಂದು ಸಲ ನಿಧಾನವಾಗಿ ಓದಿ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಮಹಾಯಾಜಕನ ಮನೆ ಅಂಗಳ, ಚಳಿ, ಕೆಂಡದ ಸುತ್ತ ಜನ. ಅವನನ್ನು ಮೊದಲು ಕೇಳಿದ್ದು ಕತ್ತಿ ಹಿಡಿದ ಸಿಪಾಯಿ ಅಲ್ಲ, ಮನೆಗೆಲಸದ ಒಬ್ಬ ಹುಡುಗಿ. ನೀನೂ ಯೇಸುವಿನ ಕಡೆಯವನಲ್ವಾ ಅನ್ನುವಷ್ಟೇ ಪ್ರಶ್ನೆ. ಅಷ್ಟಕ್ಕೇ ಅವನು, ಅಲ್ಲ ಅಂತ ಜಾರಿದ. ನಮ್ಮನ್ನು ಬೀಳಿಸುವುದೂ ಜಾಸ್ತಿ ಇಂಥ ಸಣ್ಣ ಪ್ರಶ್ನೆಗಳೇ. ಪೊಲೀಸರು ಎಳೆದುಕೊಂಡು ಹೋಗಿ ಕೇಳಿದ್ದರೆ ನೀವು ಪ್ರಾಯಶಃ ಧೈರ್ಯವಾಗಿಯೇ ಹೇಳುತ್ತಿದ್ದಿರಿ!

ಈಗ ಬೈಬಲಿನಲ್ಲಿ ಲೂಕ 22ನೇ ಅಧ್ಯಾಯ ನೋಡಿ. ಆ ರಾತ್ರಿ ಊಟಕ್ಕೆ ಕೂತಾಗಲೇ ಯೇಸು ಪೇತ್ರನಿಗೆ ಎಲ್ಲಾ ಹೇಳಿದ್ದ. ನಿನ್ನ ನಂಬಿಕೆ ಕುಂದದಿರಲಿ ಅಂತ ನಿನಗಾಗಿ ಬೇಡಿಕೊಂಡಿದ್ದೇನೆ, ನೀನು ತಿರುಗಿ ಬಂದ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂದ. ಕೋಳಿ ಕೂಗುವ ಮೊದಲು ಮೂರು ಸಲ ನನ್ನನ್ನು ಅರಿಯೆ ಅನ್ನುತ್ತೀ ಅಂತಲೂ ಅಂದ. ಅಂದರೆ ಪೇತ್ರ ಸೋಲುವುದು ಗೊತ್ತಿತ್ತು, ಅವನಿಗಾಗಿ ಪ್ರಾರ್ಥನೆಯೂ ಆಗಿತ್ತು, ಎದ್ದು ಬಂದ ಮೇಲೆ ಮಾಡಬೇಕಾದ ಕೆಲಸವೂ ಗೊತ್ತುಮಾಡಿ ಆಗಿತ್ತು, ಇದೆಲ್ಲಾ ಅವನು ಇನ್ನೂ ಊಟದ ಮುಂದೆ ಕೂತು 'ಜೈಲಿಗೂ ಬರ್ತೀನಿ, ಸಾಯೋದಕ್ಕೂ ಸಿದ್ಧ' ಅಂತ ದೊಡ್ಡದಾಗಿ ಹೇಳಿಕೊಳ್ಳುತ್ತಿರುವಾಗಲೇ.

ಆಮೇಲೆ ಯೋಹಾನ 21, ಯೇಸು ಸತ್ತು ಎದ್ದು ಬಂದ ಮೇಲಿನದು. ಕೆರೆಯ ದಡ, ಮತ್ತೆ ಕೆಂಡ, ಮೇಲೆ ಮೀನು, ಜೊತೆಗೆ ರೊಟ್ಟಿ. ನನ್ನನ್ನು ಪ್ರೀತಿಸ್ತೀಯಾ ಅಂತ ಯೇಸು ಮೂರು ಸಲ ಕೇಳುತ್ತಾನೆ. ಈ ಸಲ ಪೇತ್ರ ಯಾವ ಆಣೆಯನ್ನೂ ಇಡುವುದಿಲ್ಲ. ಮೂರನೆಯ ಸಲ ನೊಂದುಕೊಂಡು, ಸ್ವಾಮೀ, ನಿನಗೆ ಎಲ್ಲಾ ಗೊತ್ತು, ನಾನು ಪ್ರೀತಿಸುವುದೂ ಗೊತ್ತು ಅನ್ನುತ್ತಾನೆ. ನಿಮಗೆ ಭಯ ಹುಟ್ಟಿಸುತ್ತಿರುವ ಅದೇ ಸಂಗತಿಯನ್ನು ಅವನು ಆಸರೆಯಾಗಿ ಹಿಡಿದುಕೊಂಡ. 139ನೇ ಕೀರ್ತನೆಯೂ ಹಾಗೇ. ನಿನ್ನಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಅಂತ ಕೇಳಿದವನೇ ಕೊನೆಗೆ, ನನ್ನನ್ನು ಪರೀಕ್ಷಿಸಿ ನೋಡು ಅಂತ ತಾನಾಗಿ ಕರೆಯುತ್ತಾನೆ.

ನಿಮ್ಮ ಹೆದರಿಕೆ ಇರುವುದು ಗೆಳತಿ ಏನಂದುಕೊಳ್ಳುತ್ತಾಳೋ ಅನ್ನುವುದರಲ್ಲಿ. ನಿಮ್ಮ ಬಗ್ಗೆ ಅವಳಿಗೆ ಗೊತ್ತಿರುವುದು ಒಂದಿಷ್ಟು, ದೇವರಿಗೆ ಗೊತ್ತಿರುವುದು ಪೂರ್ತಿ, ಮತ್ತು ಅಷ್ಟೆಲ್ಲಾ ಗೊತ್ತಿದ್ದೂ ಅವನು ನಿಮ್ಮನ್ನು ಬಿಟ್ಟಿಲ್ಲ. ಹಾಗಿರುವಾಗ ಅವಳು ಮುಖ ಸಿಂಡರಿಸಿದರೆ ಬೇಜಾರಾಗುತ್ತದೆ, ನಿಜ. ಅದಕ್ಕಿಂತ ಜಾಸ್ತಿ ಏನೂ ಕಳೆದುಹೋಗುವುದಿಲ್ಲ.

ನಾಳೆ ಬಸ್ಸಿನಲ್ಲಿ ಇಷ್ಟು ಹೇಳಿ: "ಅವತ್ತು ಬಟ್ಟೆ ಅಂದೆನಲ್ಲ, ನಾನು ಚರ್ಚಿಗೆ ಹೋಗ್ತೀನಿ ಕಣೇ. ಅದೊಂದು ಬಿಡಕ್ಕಾಗಲ್ಲ ನಂಗೆ." ಸಾಕು. ಯಾಕೆ ಅಂತ ಕೇಳಿದರೆ ನಿಮಗೆ ಆದದ್ದನ್ನು ಹೇಳಿ, ಓದಿ ಬಾಯಿಪಾಠ ಮಾಡಿದ್ದನ್ನಲ್ಲ. ಕೇಳದಿದ್ದರೆ ಟೊಮೆಟೊ ರೇಟಿನ ಮಾತಿಗೆ ಹೋಗಿ. ಬಾವಿ ಹತ್ತಿರ ಯೇಸುವಿನ ಜೊತೆ ಮಾತಾಡಿದ ಸಮಾರ್ಯದ ಆ ಹೆಂಗಸು ಕೊಡ ಬಿಟ್ಟು ಊರೊಳಗೆ ಹೋಗಿ ಹೇಳಿದ್ದೇನು? ನಾನು ಮಾಡಿದ್ದನ್ನೆಲ್ಲಾ ಹೇಳಿಬಿಟ್ಟ ಒಬ್ಬನಿದ್ದಾನೆ, ಬಂದು ನೋಡಿ, ಇವನೇ ಕ್ರಿಸ್ತನೋ ಏನೋ. ಅವಳಿಗೇ ಇನ್ನೂ ಪೂರ್ತಿ ಖಚಿತವಿಲ್ಲ! ಅವಳ ಮಾತು ಕೇಳಿ ಬಹಳ ಜನ ನಂಬಿದರು, ಇನ್ನೂ ಎಷ್ಟೋ ಜನ ತಾವೇ ಬಂದು ಕೇಳಿಸಿಕೊಂಡ ಮೇಲೆ ನಂಬಿದರು. ಗೆಳತಿಯನ್ನು ಒಪ್ಪಿಸುವ ಭಾರ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಅವಳ ಮನೆ ದೇವರ ಬಗ್ಗೆ ಒಂದು ಹಗುರ ಮಾತೂ ಬೇಡ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಅನ್ನುವ ಮಾತಿರುವುದು ಪೇತ್ರನ ಮೊದಲ ಪತ್ರದಲ್ಲಿ.

ಪ್ರಶ್ನೆ: ನಮ್ಮ ಯೌವನಸ್ಥರ ಕೂಟದವರು ಆಸ್ಪತ್ರೆ ವಾರ್ಡಿನಲ್ಲಿ ಯೇಸುವಿನ ಬಗ್ಗೆ ಕರಪತ್ರ ಹಂಚೋಣ ಅಂತಿದ್ದಾರೆ. ಬೇಡ ಅಂದರೆ ಹೇಡಿ ಅಂತಾರೆ. ನಾನು ಮಾಡಿದ್ದು ತಪ್ಪಾ?
— ಒಬ್ಬ ಓದುಗ, ತುಮಕೂರು

ಉತ್ತರ: ಇಲ್ಲ, ನೀವು ಹೇಳಿದ್ದೇ ಸರಿ. ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದವನು ನಿಮ್ಮ ಮಾತು ಬೇಡ ಅನ್ನಿಸಿದರೆ ಎದ್ದು ಹೋಗಲು ಆಗುತ್ತದಾ? ಎದ್ದು ಹೋಗಲು ಆಗದವನಿಗೆ ಸುವಾರ್ತೆ ಹೇಳುವುದರಲ್ಲಿ ಧೈರ್ಯ ಎಲ್ಲಿಂದ ಬಂತು?

ಕಾನೂನೂ ತಿಳಿದಿರಲಿ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಆಮಿಷ, ಮೋಸದ ಮತಾಂತರವನ್ನು ಅಪರಾಧ ಮಾಡಿತು. ಕಾಯಿಲೆಯವರ ಮಂಚದ ಪಕ್ಕ ನಿಂತು ಕರಪತ್ರ ಕೊಟ್ಟರೆ ಅದನ್ನು ಹೇಗೆ ಬೇಕಾದರೂ ತಿರುಗಿಸಬಹುದು.

ಕೋಲಾರದ ಇಟಿಸಿಎಂ ಆಸ್ಪತ್ರೆ ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿದ್ದು. ಅಂಥ ಕಡೆ ಜನ ನೆನಪಿಟ್ಟುಕೊಳ್ಳುವುದು ಹೆರಿಗೆ ಮಾಡಿಸಿದ ಡಾಕ್ಟರಮ್ಮನನ್ನು, ರಾತ್ರಿ ಎದ್ದು ಬಂದ ನರ್ಸನ್ನು. ನಿಮ್ಮ ಹುಡುಗರಿಗೆ ವಾರ್ಡಿಗೆ ಹೋಗಲೇಬೇಕು ಅಂತಿದ್ದರೆ ಜೊತೆಗೆ ಯಾರೂ ಇಲ್ಲದ ರೋಗಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದುಕೊಡಲಿ, ಕೆಳಗಿನ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಲಿ. ಆದರೆ ಅದನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನ ಹಾಗೆ ಬಳಸುವುದಾದರೆ ಅದೂ ಬೇಡ, ಮನೆಯಲ್ಲೇ ಇರಲಿ.

ಪ್ರಶ್ನೆ: ದೇವರಿಗೆ ನನ್ನ ಬಗ್ಗೆ ಎಲ್ಲಾ ಗೊತ್ತಿದ್ದ ಮೇಲೆ ಪ್ರಾರ್ಥನೆ ಯಾಕೆ ಮಾಡಬೇಕು?
— ರೇಷ್ಮೆ ರೀಲರ್, ಶಿಡ್ಲಘಟ್ಟ

ಉತ್ತರ: ಮತ್ತಾಯ 6ರಲ್ಲಿ ಯೇಸು, ನೀವು ಕೇಳುವ ಮೊದಲೇ ನಿಮಗೇನು ಬೇಕು ಅಂತ ತಂದೆಗೆ ಗೊತ್ತು ಅನ್ನುತ್ತಾನೆ. ಅದರ ಮುಂದಿನ ವಚನದಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಪ್ರಾರ್ಥನೆ ಕಲಿಸುತ್ತಾನೆ. ಹಾಗಾಗಿ ವಿಷಯ ತಿಳಿಸಬೇಕು, ಒಪ್ಪಿಸಬೇಕು ಅನ್ನುವ ಒದ್ದಾಟ ಬೇಡ. ಸುಮ್ನೆ ಚಂದದ ಮಾತು ಹುಡುಕುತ್ತಾ ಕೂರಬೇಡಿ. ಗೂಡು ತುಟ್ಟಿಯಾಗಿ ನೂಲಿನ ರೇಟು ಬಿದ್ದ ದಿನ ಅದನ್ನೇ ಹೇಳಿ, ಸಾಲದವನು ಮನೆ ಬಾಗಿಲಿಗೆ ಬಂದಿದ್ದರೆ ಅದನ್ನೂ ಹೇಳಿ.