ಸಂಪಾದಕರ ಉತ್ತರ: ಯಾರ ಮಗಳು, ಯಾರ ಮನೆಗೆ?

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿದೆ. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಅದರ ಸಾರ ಹೇಳಿಬಿಡುತ್ತೇನೆ. ಹಿಂದಿನ ಸಂಚಿಕೆಯಲ್ಲಿ ನಮ್ಮ ವಿಮರ್ಶಕರು ‘ದಿ ಕೇರಳ ಸ್ಟೋರಿ’ (ಕೇರಳದ ಹುಡುಗಿಯರನ್ನು ಪ್ರೀತಿಯ ಬಲೆಗೆ ಕೆಡವಿ, ಮತಾಂತರಿಸಿ, ಇಸ್ಲಾಮಿಕ್ ಸ್ಟೇಟ್ ಅಂದರೆ ಐಎಸ್ ಉಗ್ರರ ಬಳಿಗೆ ಕಳಿಸುತ್ತಾರೆ ಎನ್ನುವ ಹಿಂದಿ ಚಿತ್ರ) ಮತ್ತು ಅದರ ಜಾಡಿನಲ್ಲಿ ಬಂದ ಚಿತ್ರಗಳನ್ನು ಪ್ರಚಾರದ ಸರಕು ಎಂದು ಬರೆದದ್ದು ನಿಮಗೆ ಸಿಟ್ಟು ತರಿಸಿದೆ. ಪೂಜಾರಿಯನ್ನು ಖಳನಾಗಿ ತೋರಿಸಿದರೆ ಕಲೆ, ಮೌಲ್ವಿಯನ್ನು ತೋರಿಸಿದರೆ ದ್ವೇಷ, ಇದ್ಯಾವ ನ್ಯಾಯ ಎಂದು ಕೇಳಿದ್ದೀರಿ. ಆ ಚಿತ್ರದಲ್ಲಿರುವುದು ನಡೆದೇ ಇಲ್ಲವೇ ಎಂದೂ ಕೇಳಿದ್ದೀರಿ. ಪತ್ರದ ತುದಿಗೆ ಬಂದಮೇಲೆ ನಿಜವಾದ ಸಂಕಟ ಹೊರಬಿದ್ದಿದೆ: ನಿಮ್ಮ ಅಣ್ಣನ ಮಗಳು ತನ್ನ ಜೊತೆ ಕೆಲಸ ಮಾಡುವ ಮುಸ್ಲಿಂ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಾಳೆ, ಮನೆಯವರು ಅವಳನ್ನು ಕೂರಿಸಿ ಆ ಸಿನಿಮಾ ತೋರಿಸಿದ್ದಾರೆ, ಈಗ ಮನೆಯಲ್ಲಿ ಮಾತುಕತೆಯೇ ನಿಂತುಹೋಗಿದೆ.

ಮೊದಲ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಮೌಲ್ವಿಯನ್ನು ಪ್ರಶ್ನಿಸುವ ಸಿನಿಮಾ ಬೇಕು, ಬಂದಿವೆ ಕೂಡ. ಅದಕ್ಕೆ ಆಮೇಲೆ ಬರುತ್ತೇನೆ. ಚಿತ್ರವನ್ನು ನಿಷೇಧಿಸಿ ಎಂದು ನಾವೆಲ್ಲೂ ಬರೆದಿಲ್ಲ. 2023ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಅದನ್ನು ನಿಷೇಧಿಸಿದ್ದು ತಪ್ಪು, ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟದ್ದು ಸರಿ. 2024ರ ಜೂನ್‌ನಲ್ಲಿ ನಮ್ಮದೇ ರಾಜ್ಯ ಸರ್ಕಾರ ‘ಹಮಾರೆ ಬಾರಹ್’ ಎಂಬ ಹಿಂದಿ ಚಿತ್ರವನ್ನು ಎರಡು ವಾರ ತಡೆಹಿಡಿದದ್ದೂ ತಪ್ಪೇ. ಗಲಾಟೆಯಾದೀತು ಎಂಬ ಬೆದರಿಕೆಗೆ ಮಣಿದು ಚಿತ್ರ ತಡೆಯುವಂತಿಲ್ಲ ಎಂದು 1989ರ ರಂಗರಾಜನ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. (ಗಲಾಟೆ ಮಾಡುವವರಿಂದ ಟಿಕೆಟ್ ಮಾರಾಟಕ್ಕೆ ಆಗುವ ಉಪಕಾರ ನಿರ್ಮಾಪಕರಿಗೆ ಚೆನ್ನಾಗಿಯೇ ಗೊತ್ತು.)

ಇನ್ನು ನಡೆದದ್ದೇನು ಎಂಬ ಪ್ರಶ್ನೆ. 2016ರಲ್ಲಿ ಕಾಸರಗೋಡು, ಪಾಲಕ್ಕಾಡ್ ಕಡೆಯಿಂದ 21 ಮಂದಿ ದೇಶ ಬಿಟ್ಟು ಅಫ್ಘಾನಿಸ್ತಾನದ ಐಎಸ್ ನೆಲೆ ಸೇರಿದ್ದು ನಿಜ. ಗಂಡಂದಿರು ಸತ್ತಮೇಲೆ ಕೇರಳದ ನಾಲ್ವರು ಹೆಂಗಸರು ಅಲ್ಲಿನ ಜೈಲು ಸೇರಿದ್ದೂ ನಿಜ. ಇದನ್ನು ಮುಚ್ಚಿಟ್ಟು ಮಾತಾಡುವವರ ಜೊತೆ ನಾನಿಲ್ಲ. ಆದರೆ ಆ ಕಥೆಯನ್ನು ಹತ್ತಿರದಿಂದ ನೋಡಿ. ಆ ನಾಲ್ವರಲ್ಲಿ ಒಬ್ಬಳು ಮುಸ್ಲಿಂ ಮನೆಯಲ್ಲೇ ಹುಟ್ಟಿದವಳು. ಇನ್ನಿಬ್ಬರ ಗಂಡಂದಿರು ಕ್ರೈಸ್ತ ಮನೆಯಲ್ಲಿ ಹುಟ್ಟಿ ಆಮೇಲೆ ಮತಾಂತರಗೊಂಡ ಅಣ್ಣತಮ್ಮಂದಿರು. ಓದಿಕೊಂಡ, ಇಂಗ್ಲಿಷ್ ಬಲ್ಲ ಹುಡುಗರ ತಲೆಗೆ ಆ ಹುಚ್ಚು ಹತ್ತಿದ್ದು ಹೇಗೆ ಎಂದು ಕೆದಕಿದ್ದರೆ ಅದೊಂದು ಭಯಂಕರ ಸಿನಿಮಾ ಆಗುತ್ತಿತ್ತು. ಅದನ್ನು ಬಿಟ್ಟು, ಮುಸ್ಲಿಂ ಹುಡುಗ ಪ್ರೀತಿಸಿದನೆಂದರೆ ಅದು ಬಲೆಯೇ ಎಂಬ ಒಂದು ಸಾಲಿಗೆ ಎಲ್ಲವನ್ನೂ ಇಳಿಸಿದರು.

ಜೊತೆಗೆ, ಕೇರಳದ 32,000 ಹುಡುಗಿಯರು ಹೀಗೆ ಮತಾಂತರವಾದರು ಎಂಬ ಚಿತ್ರದವರ ಲೆಕ್ಕ. 2006ರಿಂದ 2012ರವರೆಗೆ ಕೇರಳದಲ್ಲಿ 2,667 ಯುವತಿಯರು ಇಸ್ಲಾಂಗೆ ಮತಾಂತರವಾದರು ಎಂದು ಅಂದಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ವಿಧಾನಸಭೆಗೆ ಹೇಳಿದ್ದರು. ಆರು ವರ್ಷದ ಆ ಮೊತ್ತವನ್ನು ಹೆಚ್ಚುಕಡಿಮೆ ಒಂದೇ ವರ್ಷದ್ದೆಂದು ಹಿಡಿದು ಹತ್ತರಿಂದ ಗುಣಿಸಿ ನೋಡಿ, ಚಿತ್ರದ ಲೆಕ್ಕದ ಹತ್ತಿರಕ್ಕೆ ಬರುತ್ತೀರಿ. ತಕರಾರು ಎದ್ದಾಗ ಟ್ರೇಲರ್ ವಿವರಣೆಯಲ್ಲಿ ಸಾವಿರಗಳೆಲ್ಲ ಹೋಗಿ ‘ಮೂವರು ಹುಡುಗಿಯರ ಕಥೆ’ ಆಯಿತು. ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ ಎಂದು ಚಿತ್ರದಲ್ಲೇ ಸೂಚನೆ ಹಾಕುವುದಾಗಿ ನಿರ್ಮಾಪಕರು 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನಲ್ಲಿ ಒಪ್ಪಿಕೊಂಡರು. ಬಿಡುಗಡೆಯ ದಿನವೇ, ಮೇ 5ರಂದು, ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಪ್ರಧಾನಿ ಆ ಚಿತ್ರದ ಪ್ರಸ್ತಾಪ ಮಾಡಿದ್ದರು. ನಮ್ಮ ವಿಮರ್ಶಕರು ‘ಪ್ರಚಾರ’ ಎಂದದ್ದು ಸುಮ್ಮನೆ ಅಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ತಕರಾರು ಆ ಒಂದು ಚಿತ್ರದ ಮೇಲಿಲ್ಲ. ಅದು ಬರುವ ಮೊದಲೂ, ನೀವು ‘ಸೆಕ್ಯುಲರ್’ ಎಂದು ಮೂದಲಿಸಿರುವ ಸಿನಿಮಾಗಳಲ್ಲೂ, ಒಂದೇ ಆಟ ನಡೆದಿದೆ. ಮದುವೆ ಪ್ರೇಮವೋ ಪಿತೂರಿಯೋ ಎಂಬುದನ್ನು ಹುಡುಗಿ ಯಾರ ಮನೆಯಿಂದ ಯಾರ ಮನೆಗೆ ಹೋದಳು ಎಂಬುದೇ ತೀರ್ಮಾನಿಸುತ್ತದೆ.

1995ರ ‘ಬಾಂಬೆ’ ತೆಗೆದುಕೊಳ್ಳಿ. ಹುಡುಗ ಹಿಂದೂ, ಹುಡುಗಿ ಮುಸ್ಲಿಂ. ಬುರ್ಖಾ ಎಲ್ಲೋ ಸಿಕ್ಕಿಕೊಂಡರೂ ಲೆಕ್ಕಿಸದೆ ಅವಳು ಅವನ ಕಡೆಗೆ ಓಡಿಬರುವ ಹಾಡು ನಿಮಗೂ ನೆನಪಿರಬೇಕು. ಅದನ್ನು ಚಿತ್ರೀಕರಿಸಿದ್ದು ಬೇಕಲ ಕೋಟೆಯಲ್ಲಿ, ಅಂದರೆ ಅದೇ ಕಾಸರಗೋಡು ಜಿಲ್ಲೆಯಲ್ಲಿ. ಅವಳಿ ಮಕ್ಕಳಿಗೆ ಕಬೀರ್ ನಾರಾಯಣ್, ಕಮಲ್ ಬಶೀರ್ ಎಂದು ಇಬ್ಬರು ತಾತಂದಿರ ಹೆಸರೂ ಸೇರುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಚಿತ್ರ, ಸಂಶಯವಿಲ್ಲ. ಆದರೂ ಬಿಟ್ಟು ಬರಬೇಕಾದವಳು, ಬುರ್ಖಾ ಕಳಚಬೇಕಾದವಳು ಅವಳೇ. ಆ ಚಿತ್ರಕ್ಕೂ ವಿರೋಧ ಬಂತು, ನಿರ್ದೇಶಕ ಮಣಿರತ್ನಂ ಮನೆ ಮೇಲೆ ಬಾಂಬ್ ಬಿತ್ತು. 2001ರ ‘ಗದರ್’ನಲ್ಲಿ ಸಿಖ್ ಲಾರಿ ಡ್ರೈವರ್, ಮುಸ್ಲಿಂ ಹೆಂಡತಿ. ಅವಳ ಬೈತಲೆಯ ಸಿಂಧೂರ ನೋಡಿ ಥಿಯೇಟರ್ ಚಪ್ಪಾಳೆ ತಟ್ಟಿತು, ಭೋಪಾಲದಂಥ ಊರುಗಳಲ್ಲಿ ಮುಸ್ಲಿಮರು ಪ್ರತಿಭಟಿಸಿದರು. 2018ರ ‘ಕೇದಾರನಾಥ್’ನಲ್ಲಿ ಮಾತ್ರ ಜೋಡಿ ತಿರುಗುಮುರುಗು: ಯಾತ್ರಿಕರನ್ನು ಹೊರುವ ಮುಸ್ಲಿಂ ಹುಡುಗ, ಅರ್ಚಕರ ಮಗಳು. ಉತ್ತರಾಖಂಡದ ಏಳು ಜಿಲ್ಲೆಗಳಲ್ಲಿ ಚಿತ್ರವೇ ಓಡಲಿಲ್ಲ. ಚಿತ್ರದೊಳಗೂ ಅಷ್ಟೇ, ಕೊನೆಗೆ ಪ್ರವಾಹ ಬಂದು ಹುಡುಗನನ್ನು ಕೊಚ್ಚಿಕೊಂಡು ಹೋಗುತ್ತದೆ. ಮೊದಲೆರಡು ಜೋಡಿ ಬದುಕುತ್ತವೆ, ಮೂರನೆಯದನ್ನು ಬರಹಗಾರನೇ ಬದುಕಗೊಡುವುದಿಲ್ಲ.

ಹೊರದೇಶದಲ್ಲೂ ಕಥೆ ಬೇರೆಯಲ್ಲ. ಇರಾನಿ ಡಾಕ್ಟರನ್ನು ಮದುವೆಯಾದ ಅಮೆರಿಕದ ಹೆಂಗಸೊಬ್ಬಳು ಮಗಳೊಂದಿಗೆ ಟೆಹ್ರಾನ್‌ನಿಂದ ತಪ್ಪಿಸಿಕೊಂಡ ‘ನಾಟ್ ವಿದೌಟ್ ಮೈ ಡಾಟರ್’ 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಬಾಂಬ್ ಬೀಳಲು ಶುರುವಾಗುವ ಕೆಲವೇ ದಿನ ಮೊದಲು ತೆರೆಗೆ ಬಂತು. ಟೆಹ್ರಾನಿನ ಬೀದಿಗಳೆಂದು ತೋರಿಸಿದ್ದನ್ನು ಚಿತ್ರೀಕರಿಸಿದ್ದು ಇಸ್ರೇಲಿನಲ್ಲಿ. ಗಂಡ ಹೊಡೆಯುತ್ತಾನೆ ಎಂಬುದು ಆ ಹೆಂಗಸಿನ ಅನುಭವ, ಅದನ್ನು ಅಲ್ಲಗಳೆಯಲು ನಾವು ಯಾರು? ಆದರೆ ಇಡೀ ಊರಿಗೆ ಊರೇ ಆ ಗಂಡನಂತೆ ಕಾಣುವ ಹಾಗೆ ಕ್ಯಾಮೆರಾ ಇಟ್ಟದ್ದು ಅನುಭವವಲ್ಲ, ಆಯ್ಕೆ.

ಈಗ ನಿಮ್ಮ ಪತ್ರಕ್ಕೆ ಬರೋಣ. ಅಣ್ಣ ಊಟ ಬಿಟ್ಟದ್ದು, ಅತ್ತಿಗೆ ಅತ್ತದ್ದು, ಸಂಘಟನೆಯವರೊಬ್ಬರು ಬಂದು ಬುದ್ಧಿ ಹೇಳಿದ್ದು ಎಲ್ಲವೂ ಅದರಲ್ಲಿದೆ. ಹುಡುಗಿ ಆಡಿದ ಒಂದೇ ಒಂದು ಮಾತಿಲ್ಲ. ಹಾದಿಯಾ ಪ್ರಕರಣ ನೆನಪಿಸಿಕೊಳ್ಳಿ. ವಯಸ್ಸಿಗೆ ಬಂದ, ವೈದ್ಯಕೀಯ ಓದುತ್ತಿದ್ದ ಹೆಣ್ಣು; ಹಿಂದೂ ಮನೆಯಲ್ಲಿ ಹುಟ್ಟಿ, ಇಸ್ಲಾಂ ಒಪ್ಪಿ, ಮುಸ್ಲಿಂ ಹುಡುಗನನ್ನು ಮದುವೆಯಾದವಳು. 2017ರ ಮೇಯಲ್ಲಿ ಕೇರಳ ಹೈಕೋರ್ಟ್ ಅವಳ ಮದುವೆಯನ್ನೇ ರದ್ದು ಮಾಡಿ ತಂದೆಯ ಮನೆಗೆ ಕಳಿಸಿತು. ನವೆಂಬರ್‌ನಲ್ಲಿ ಅವಳನ್ನು ಸುಪ್ರೀಂ ಕೋರ್ಟ್‌ಗೆ ಕರೆತಂದಾಗ, ಅವಳ ಮಾತು ಕೇಳಬೇಕೋ ಬೇಡವೋ ಎಂದು ವಕೀಲರು ಅವಳೆದುರಿಗೇ ಬಹಳ ಹೊತ್ತು ವಾದಿಸಿದರು. ಕೊನೆಗೆ ಕೇಳಿದಾಗ ಅವಳು ಹೇಳಿದ್ದು ಸ್ವಾತಂತ್ರ್ಯ ಬೇಕು ಎಂದು. 2018ರ ಮಾರ್ಚ್ 8ರಂದು ಮದುವೆ ಊರ್ಜಿತವಾಯಿತು.

‘ಅವರು ಮಾತ್ರ ನಮ್ಮ ಹುಡುಗಿಯರನ್ನು ಮತಾಂತರಿಸುತ್ತಾರೆ’ ಎಂದಿದ್ದೀರಿ. ಇದರಲ್ಲಿ ಅರ್ಧ ಸತ್ಯವಿದೆ. ಸಾಂಪ್ರದಾಯಿಕ ಶರೀಯತ್ ಪ್ರಕಾರ ಮುಸ್ಲಿಂ ಗಂಡಸು ಕ್ರೈಸ್ತ, ಯಹೂದಿ ಹೆಣ್ಣನ್ನು ಹಾಗೆಯೇ ಮದುವೆಯಾಗಬಹುದು, ಉಳಿದವರು ಇಸ್ಲಾಂ ಒಪ್ಪಬೇಕು. ಮುಸ್ಲಿಂ ಹೆಣ್ಣಿಗಂತೂ ಹೊರಗೆ ಮದುವೆಯೇ ಇಲ್ಲ. ಇದು ಗಂಡು ಹೆಣ್ಣಿಗೆ ಎರಡು ಅಳತೆಯ ನಿಯಮ, ಹಾಗೆಂದು ಬರೆಯಲು ನನಗೆ ಅಂಜಿಕೆಯಿಲ್ಲ. ಟ್ಯುನೀಷಿಯಾ 2017ರಲ್ಲಿ ಹೆಣ್ಣಿನ ಮೇಲಿನ ಆ ನಿರ್ಬಂಧ ತೆಗೆದುಹಾಕಿತು. ಆದರೆ ನಾವೇನು ಬೇರೆಯೇ? 2019-20ರಲ್ಲಿ ಅಮೆರಿಕದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ ಭಾರತದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿತು. ತಮ್ಮ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ಹಿಂದೂಗಳಲ್ಲಿ ಶೇ 67, ಮುಸ್ಲಿಮರಲ್ಲಿ ಶೇ 80. ಗಂಡುಮಕ್ಕಳ ವಿಷಯ ಬಂದಾಗ ಎರಡೂ ಕಡೆ ಪಟ್ಟು ಸ್ವಲ್ಪ ಸಡಿಲ. ಬೀದಿಯಲ್ಲಿ ಎದುರುಬದುರು ನಿಲ್ಲುವವರು ಇದೊಂದರಲ್ಲಿ ಬೀಗರ ಹಾಗೆ ಒಮ್ಮತದಲ್ಲಿದ್ದಾರೆ.

ಯಾರೂ ಮತಾಂತರವಾಗದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಸಿನಿಮಾದವರು ಇದನ್ನು ತೋರಿಸುವುದೇ ಅಪರೂಪ, ತೋರಿಸಿದರೂ ಒಂದು ಸಹಿ, ಒಂದು ಹಾರ. ನಿಜದಲ್ಲಿ ಅಲ್ಲೇ ನಾಟಕವಿರುವುದು. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ, ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ನೋಟಿಸ್ ಕೊಡಬೇಕು. ಹುಡುಗ ಹುಡುಗಿಯ ಹೆಸರು, ವಯಸ್ಸು, ಕೆಲಸ, ವಿಳಾಸ ಇರುವ ಆ ಹಾಳೆಯನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕುತ್ತಾರೆ. ಜಮೀನು ನೋಂದಣಿಗೆ ಬಂದವರು, ಋಣಭಾರ ಪತ್ರಕ್ಕೆ ಕಾದು ನಿಂತವರು, ಯಾರು ಬೇಕಾದರೂ ಓದಬಹುದು, ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಬಹುದು. ಸ್ವಂತ ಊರು ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಕಚೇರಿಗೂ ಪ್ರತಿ ಹೋಗುತ್ತದೆ. 30 ದಿನದೊಳಗೆ ಯಾರಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ ವಯಸ್ಸು ಸಾಲದು, ಈಗಾಗಲೇ ಮದುವೆಯಾಗಿದೆ, ಮಾನಸಿಕ ಸ್ಥಿತಿ ಸರಿಯಿಲ್ಲ, ನಿಷೇಧಿತ ರಕ್ತಸಂಬಂಧ ಎಂಬಂಥ ಕಾರಣಗಳಿಗೆ ಮಾತ್ರ. ಧರ್ಮ ಬೇರೆ ಎಂಬುದು ಆಕ್ಷೇಪವೇ ಅಲ್ಲ. ಈ ಒಂದು ತಿಂಗಳ ಭಯಕ್ಕೆ ಅಂಜಿ ಅವಸರದಲ್ಲಿ ಮತಾಂತರವಾಗಿ ಮದುವೆ ಮುಗಿಸಿಕೊಳ್ಳುವ ಜೋಡಿಗಳೂ ಇವೆ. ಮತಾಂತರ ಬೇಡ ಎನ್ನುವವರು ಮೊದಲು ಆ ನೋಟಿಸಿನ ವಿರುದ್ಧ ದನಿಯೆತ್ತಬೇಕಿತ್ತು. ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ, ಜೋಡಿ ಬಯಸದಿದ್ದರೆ ನೋಟಿಸ್ ಪ್ರಕಟಿಸಬೇಕಿಲ್ಲ ಎಂದಿತು.

ನಿಮ್ಮ ಅಣ್ಣನಿಗೆ ಇನ್ನೂ ಒಂದು ಸಂಗತಿ ತಿಳಿಸಿ. ಈ ಕಾಯ್ದೆಯಡಿ ಮುಸ್ಲಿಮನನ್ನು ಮದುವೆಯಾದ ಹಿಂದೂ ಹುಡುಗಿ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ ಕಾನೂನು ಪರಿಗಣಿಸುತ್ತದೆ, ದಂಪತಿಯ ಆಸ್ತಿಯ ವಾರಸಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಗಂಡ ಇನ್ನೊಂದು ಮದುವೆಯಾಗುವಂತಿಲ್ಲ, ಬಾಯಿಮಾತಿನ ತಲಾಖ್ ನಡೆಯುವುದಿಲ್ಲ. ಒಬ್ಬ ವಕೀಲರನ್ನು ಹುಡುಗಿಯ ಜೊತೆಗೇ ಹೋಗಿ ಕಾಣಿ. ಆ ಒಂದು ಗಂಟೆ, ನೀವು ಸಿನಿಮಾ ತೋರಿಸಿ ಕಳೆದ ಎರಡೂವರೆ ಗಂಟೆಗಿಂತ ಉಪಯೋಗಕ್ಕೆ ಬಂದೀತು.

ಮೌಲ್ವಿಯ ಮಾತಿಗೆ ಬರುತ್ತೇನೆ ಎಂದಿದ್ದೆ. ಗಿರೀಶ ಕಾಸರವಳ್ಳಿ 2004ರಲ್ಲಿ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ‘ಹಸೀನಾ’ ಎಂದು ತೆರೆಗೆ ತಂದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಹೆಣ್ಣು ಹೆತ್ತಳೆಂದು ಗಂಡ ಕೈಬಿಟ್ಟವಳು ಮಸೀದಿಯ ಮುಂದೆ ಹೋಗಿ ಕೂರುತ್ತಾಳೆ. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ನುಣುಚಿಕೊಳ್ಳುತ್ತಾನೆ. ಅವಳು ಧರ್ಮವನ್ನು ಬೈಯುವುದಿಲ್ಲ. ಅದೇ ಧರ್ಮ ತನಗೆ ಕೊಟ್ಟಿರುವ ಹಕ್ಕನ್ನು ಕೇಳುತ್ತಾಳೆ. ಆ ಮುತವಲ್ಲಿಯಷ್ಟು ಕಟುವಾದ ಟೀಕೆ ನೀವು ಮೆಚ್ಚಿದ ಚಿತ್ರಗಳಲ್ಲಿ ನನಗೆ ಸಿಕ್ಕಿಲ್ಲ, ಯಾಕೆಂದರೆ ಅವುಗಳ ಖಳರು ಎಲ್ಲಿಯೂ ಬದುಕಿರುವಂಥ ಮನುಷ್ಯರಲ್ಲ. ಈತನನ್ನಾದರೆ ಯಾವ ಊರಿನ, ಯಾವ ಧರ್ಮದ ಪಂಚಾಯಿತಿಯಲ್ಲೂ ಗುರುತು ಹಿಡಿಯಬಹುದು.

ಕೊನೆಯದಾಗಿ, ವಿಮರ್ಶಕರು ಕ್ಷಮೆ ಕೇಳಬೇಕು, ಇಲ್ಲವಾದರೆ ಚಂದಾ ನಿಲ್ಲಿಸುತ್ತೇನೆ ಎಂದಿದ್ದೀರಿ. ಕ್ಷಮೆ ಕೇಳುವುದಿಲ್ಲ. ಚಂದಾ ನಿಮ್ಮಿಷ್ಟ, ಬೇಡವೆಂದು ಒಂದು ಸಾಲು ಬರೆದರೆ ಉಳಿದ ತಿಂಗಳುಗಳ ಹಣ ವಾಪಸು ಕಳಿಸಲು ಕಚೇರಿಗೆ ಹೇಳಿದ್ದೇನೆ. ನಿಮ್ಮ ಅಣ್ಣನ ಮಗಳು ಏನಾದರೂ ಬರೆಯಲು ಇಷ್ಟಪಟ್ಟರೆ ಹೆಸರಿಲ್ಲದೆ ಪ್ರಕಟಿಸುತ್ತೇವೆ. ಆದರೆ ಅದನ್ನು ಅವಳೇ ಬರೆದಿರಬೇಕು.

— ಸಂಪಾದಕ