ಆ ವರದಿಯನ್ನು ಅಕ್ಕಿ ಡಬ್ಬಿಯಿಂದ ಹೊರಗೆ ತೆಗೆ

ಪ್ರಶ್ನೆ: ಅಕ್ಕಾ, ನಮ್ಮದು ಅಂಕೋಲೆ ಹತ್ತಿರದ ಹಳ್ಳಿ. ನನಗೆ 26 ವರ್ಷ, ಚೊಚ್ಚಲ ಬಸಿರು. 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೆದುಳಿನಲ್ಲಿ ‘ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್’ ಇದೆ, ಎಡ ಕಿಡ್ನಿಯ ಒಳಭಾಗ 5 ಮಿ.ಮೀ. ಹಿಗ್ಗಿದೆ ಎಂದು ಬರೆದಿದ್ದಾರೆ. ಬಿಡಿಸಿ ಹೇಳದೆ ‘ದೊಡ್ಡ ಆಸ್ಪತ್ರೆಗೆ ತೋರಿಸಿ’ ಎಂದರು, ಅಷ್ಟೇ. ಬಸಿರು ಹೊತ್ತು ಅರಬೈಲು ಘಟ್ಟ ಹತ್ತುವುದೋ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂರುವುದೋ ತಿಳಿಯದಾಗಿದೆ. ಮೂರನೇ ತಿಂಗಳ ಡಬಲ್ ಮಾರ್ಕರ್ ರಕ್ತಪರೀಕ್ಷೆಯಲ್ಲಿ ವರ್ಣತಂತು (ಕ್ರೋಮೋಸೋಮ್) ದೋಷದ ಅಪಾಯ ಕಡಿಮೆ ಎಂದು ಬಂದಿತ್ತು. ಗ್ರಹಣದ ದಿನ ನಾನು ಬಂಗಡೆ ಕೊಯ್ದಿದ್ದರಿಂದಲೇ ಹೀಗಾಯಿತು ಎನ್ನುತ್ತಾರೆ ಅತ್ತೆ. ಇಡಗುಂಜಿ ಗಣಪತಿಗೆ ಹರಕೆ ಹೊತ್ತಿದ್ದಾರೆ, ಯಾರಿಗೂ ಹೇಳಬೇಡ ಎಂದಿದ್ದಾರೆ. ವಾಸ್ಕೋದಲ್ಲಿ ಕೆಲಸಕ್ಕಿರುವ ಗಂಡನಿಗೆ ‘ಎಲ್ಲ ಸರಿ ಇದೆಯಂತೆ’ ಎಂದುಬಿಟ್ಟೆ. ವರದಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ರಾತ್ರಿಯಿಡೀ ಮೊಬೈಲ್‌ನಲ್ಲಿ ಹುಡುಕುತ್ತೇನೆ, ಅಳುತ್ತೇನೆ. ಏನು ಮಾಡಲಿ?

ಉತ್ತರ: ತಂಗೀ, ಅಕ್ಕಾ ಎಂದು ಕರೆದಿದ್ದೀಯೆ, ಹಾಗಾಗಿ ‘ನೀನು’ ಎಂದೇ ಬರೆಯುತ್ತೇನೆ. ನಿನ್ನ ಪತ್ರ ಬಂದ ದಿನವೇ ಎರಡು ಸಾಲಿನ ಉತ್ತರ ಕಳಿಸಿದ್ದೆ. ಇದೇ ಸಂಕಟದಲ್ಲಿರುವ ಇತರರಿಗೂ ಬೇಕಾದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬಂಗಡೆಯ ವಿಷಯ ಮುಗಿಸೋಣ. ಗ್ರಹಣಕ್ಕೂ ಈಳಿಗೆಮಣೆಗೂ ಮಗುವಿನ ಮೆದುಳಿಗೂ ಯಾವ ಸಂಬಂಧವೂ ಇಲ್ಲ. ನಮ್ಮ ಮೀನು ಪೇಟೆಗಳಲ್ಲಿ ತುಂಬು ಬಸುರಿಯರೂ ಕೂತು ಮೀನು ಕೊಯ್ಯುತ್ತಾರೆ, ಹೊಟ್ಟೆಪಾಡು ಗ್ರಹಣ ನೋಡಿ ನಿಲ್ಲುವುದಿಲ್ಲ. ನೀನು ಯಾವ ತಪ್ಪನ್ನೂ ಮಾಡಿಲ್ಲ. ಅತ್ತೆಯ ಮೇಲೆ ಸಿಟ್ಟಾಗಬೇಡ. ಅವರೂ ಹೆದರಿದ್ದಾರೆ, ಕೈಗೆ ಸಿಕ್ಕ ಕಾರಣವನ್ನು ಹಿಡಿದುಕೊಂಡಿದ್ದಾರೆ. ಹರಕೆ ಇರಲಿ, ಪರೀಕ್ಷೆಯೂ ಆಗಲಿ.

ಮೆದುಳಿನಲ್ಲಿ ನೀರು ಒಸರುವ ಒಂದು ಅಂಗಾಂಶವಿದೆ, ಅದೇ ಕೋರಾಯ್ಡ್ ಪ್ಲೆಕ್ಸಸ್. ಅದರ ಮಡಿಕೆಯಲ್ಲಿ ಒಂದಿಷ್ಟು ನೀರು ನಿಂತರೆ ಸ್ಕ್ಯಾನಿಂಗ್‌ನಲ್ಲಿ ಪುಟ್ಟ ಗುಳ್ಳೆಯಂತೆ ಕಾಣುತ್ತದೆ. ಇದು ಗಡ್ಡೆಯಲ್ಲ. ನೂರು ಬಸುರಿಯರಲ್ಲಿ ಒಬ್ಬಿಬ್ಬರಿಗೆ ಕಾಣಿಸುತ್ತದೆ, ಹೆಚ್ಚಿನವು 28ನೇ ವಾರದ ಹೊತ್ತಿಗೆ ತಾವಾಗಿಯೇ ಇಂಗಿಹೋಗುತ್ತವೆ, ಮಗುವಿನ ಬುದ್ಧಿಗೆ ಅದರಿಂದ ಕುಂದಿಲ್ಲ. ಕಿಡ್ನಿಯ ಸಣ್ಣ ಹಿಗ್ಗುವಿಕೆಯೂ ಬಹಳಷ್ಟು ಮಕ್ಕಳಲ್ಲಿ ಸರಿಹೋಗುತ್ತದೆ. 32ನೇ ವಾರದ ಸುಮಾರಿಗೆ ಮತ್ತೊಮ್ಮೆ ಅಳೆದು ನೋಡುತ್ತಾರೆ.

ಹಾಗೆಂದು ಸುಮ್ಮನಿದ್ದುಬಿಡು ಎಂದು ನಾನು ಹೇಳಲಾರೆ. ಇಂಥವನ್ನು ವೈದ್ಯರು ‘ಮಾರ್ಕರ್’, ಅಂದರೆ ಸುಳಿವು, ಎನ್ನುತ್ತಾರೆ. ಒಂದೇ ಇದ್ದು ಉಳಿದೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎರಡು ಒಟ್ಟಿಗೆ ಕಂಡಾಗ ಡೌನ್ ಸಿಂಡ್ರೋಮ್ ಅಥವಾ ಎಡ್ವರ್ಡ್ಸ್ ಸಿಂಡ್ರೋಮ್‌ನಂಥ ವರ್ಣತಂತುವಿನ ದೋಷ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಡಬಲ್ ಮಾರ್ಕರ್ ಫಲಿತಾಂಶ ನಿನ್ನ ಪರವಾಗಿದೆ. ಆ ಹಾಳೆಯನ್ನು ತಪ್ಪದೆ ಒಯ್ಯಿ.

ಹೋಗಬೇಕಾದದ್ದು ಭ್ರೂಣ ವೈದ್ಯಶಾಸ್ತ್ರದ ತಜ್ಞರ ಬಳಿಗೆ. ಮಣಿಪಾಲ, ಮಂಗಳೂರು ಇಲ್ಲವೇ ಹುಬ್ಬಳ್ಳಿ. ಬಸಿರು ಹೊತ್ತು ಅರಬೈಲು ಘಟ್ಟ ಹತ್ತುವುದೋ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂರುವುದೋ ಎಂದು ನೀನು ಬರೆದ ಸಾಲು ಓದಿ ಹೊಟ್ಟೆ ಉರಿಯಿತು. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕೆಂದು ಬೀದಿಗಿಳಿದದ್ದು ಇಂಥದ್ದಕ್ಕಾಗಿಯೇ. ಆದರೆ ಈಗ ಅದಕ್ಕಾಗಿ ಕಾಯುವ ಹೊತ್ತಲ್ಲ, ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೊರಡು.

ಅಲ್ಲಿ ಇನ್ನೊಮ್ಮೆ ವಿವರವಾಗಿ ಸ್ಕ್ಯಾನಿಂಗ್ ಮಾಡುತ್ತಾರೆ. ಮಗುವಿನ ಹೃದಯ ನೋಡುತ್ತಾರೆ, ಮುಷ್ಟಿ ಬಿಚ್ಚುತ್ತದೆಯೇ ಎಂದೂ ಗಮನಿಸುತ್ತಾರೆ. ಬೇಕೆನಿಸಿದರೆ ನಿನ್ನ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಪರೀಕ್ಷೆ ಸೂಚಿಸಬಹುದು. ಅದು ಸಾಧ್ಯತೆಯನ್ನು ಹೇಳುತ್ತದೆ, ಖಚಿತ ಉತ್ತರ ಕೊಡುವುದಿಲ್ಲ. ಖಚಿತವಾಗಿ ತಿಳಿಯಲು ಸೂಜಿಯಿಂದ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು. ಅದರಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ. ಆದ್ದರಿಂದ ‘ನನಗೆ ಇದು ನಿಜಕ್ಕೂ ಬೇಕೇ?’ ಎಂದು ಬಾಯಿಬಿಟ್ಟು ಕೇಳು. ಪೂರ್ತಿ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ಅವಸರ ಮಾಡುತ್ತಿರುವುದು ಇದಕ್ಕೇ. ಗಂಭೀರ ದೋಷ ಕಂಡುಬಂದು ಬಸಿರು ಮುಂದುವರಿಸಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾದರೆ, ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ 24 ವಾರದೊಳಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಆಮೇಲೆ ವೈದ್ಯಕೀಯ ಮಂಡಳಿ ಒಪ್ಪಬೇಕು. ನಿನಗೆ ಆ ಪ್ರಶ್ನೆ ಬರುವ ಸಂಭವ ಕಡಿಮೆ ಎಂದೇ ನನ್ನ ಭಾವನೆ. ಬಂದರೂ ಅಂಥ ತೀರ್ಮಾನ ನಿನ್ನದು, ನಿನ್ನ ಗಂಡನೊಡನೆ ಕೂತು ಮಾಡುವಂಥದ್ದು. ಅತ್ತೆಯೂ ನಾನೂ ಅದರಲ್ಲಿ ಬಾಯಿ ಹಾಕಬಾರದು.

ಗಂಡನಿಗೆ ಹೇಳದಿದ್ದದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಅವರನ್ನು ನೋವಿನಿಂದ ಉಳಿಸಲು ಹಾಗೆ ಮಾಡಿದೆ ಎಂದು ಗೊತ್ತು. ಆದರೆ ಅದು ಅವರ ಮಗುವೂ ಹೌದು. ಪರೀಕ್ಷೆಯ ಕೋಣೆಯಲ್ಲಿ ಜೆಲ್ಲಿನ ತಂಪಿಗೆ ಹೊಟ್ಟೆ ಬಿಗಿ ಹಿಡಿದು ಮಲಗಿರುವಾಗ ವೈದ್ಯರು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ. ಕೇಳಿಸಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಬೇಕು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡು.

ಶನಿವಾರ ಅವರು ಊರಿಗೆ ಬರಲಿ ಎಂದು ಕಾಯಬೇಡ. ಇವತ್ತು ರಾತ್ರಿ ಊಟವಾದ ಮೇಲೆ ಆ ಹಾಳೆಯ ಅಕ್ಕಿ ಧೂಳು ಒರೆಸಿ ಎದುರಿಗಿಟ್ಟುಕೊಂಡು ಫೋನ್ ಮಾಡು. ‘ಅವತ್ತು ಸುಳ್ಳು ಹೇಳಿದ್ದೆ, ಹೆದರಿಕೆಯಾಗಿತ್ತು’ ಎನ್ನು. ಮಿಕ್ಕದ್ದನ್ನು ಓದಿ ಹೇಳು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಎಂಬುದನ್ನು ಅದೇ ಫೋನಿನಲ್ಲಿ ಇಬ್ಬರೂ ನಿರ್ಧರಿಸಿ. ಹೋಗಿ ಬಂದ ಮೇಲೆ ನನಗೂ ಒಂದು ಸಾಲು ಬರೆ.