ಡೈವ್ ಮುಗಿದ ದಿನವೇ ಘಾಟಿ ಹತ್ತಬಹುದೇ?

ಕಡಲಿನ ದಂಡೆಯೇ ಇಲ್ಲದ ನಮ್ಮ ಜಿಲ್ಲೆಗಳಿಂದ ಸ್ಕೂಬಾ ಡೈವಿಂಗ್ ಬಗ್ಗೆ ಇಷ್ಟೊಂದು ಪತ್ರ ಬಂದಾವು ಎಂದು ನಾನು ಎಣಿಸಿರಲಿಲ್ಲ. ಭಾಳ ಸಂತೋಷವಾಯಿತು. ಹೊಸಬರಿಗೆ ನನ್ನ ಪರಿಚಯ ಇಷ್ಟೇ: ಬೆಳಗಾವಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಐದು ಜನ ಗೆಳೆಯ ಗೆಳತಿಯರು ಸೇರಿ ಹತ್ತು ವರ್ಷದಿಂದ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ, ಗೋವಾ, ಮಾಲವಣ ಎಂದು ಹೋಗಿ ನೀರಿಗಿಳಿದು ಬರುತ್ತೇವೆ. ನಾನು ವೈದ್ಯೆಯಲ್ಲ, ಡೈವಿಂಗ್ ಕಲಿಸುವವಳೂ ಅಲ್ಲ. ಕಂಡದ್ದು, ಕಲಿತದ್ದು ಮಾತ್ರ ಹೇಳುತ್ತೇನೆ.

*

ಪ್ರಶ್ನೆ: ನಾವು ನಾಲ್ಕು ಮಂದಿ ದೋಸ್ತರು, ಎಲ್ಲರಿಗೂ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಇದೆ. ಶುಕ್ರವಾರ ರಾತ್ರಿ ಗಾಡಿ ಬಿಟ್ಟು, ಶನಿವಾರ ಮತ್ತು ರವಿವಾರ ನೇತ್ರಾಣಿಯಲ್ಲಿ ಎರಡೆರಡು ಡೈವ್ ಮಾಡಿ, ರವಿವಾರ ಮಧ್ಯಾಹ್ನ ಉಂಡು ಹೊರಟರೆ ರಾತ್ರಿ ಮನೆ ಮುಟ್ಟುತ್ತೇವೆ. ಸೋಮವಾರ ಎಲ್ಲರಿಗೂ ಡ್ಯೂಟಿ. ವಿಮಾನವಂತೂ ಹತ್ತುವುದಿಲ್ಲ. ಏನಾದರೂ ತೊಂದರೆ ಇದೆಯೇ?
— ಗೋಕಾಕದ ಓದುಗ

ಇದೆ. ಈ ತಿಂಗಳ ಅಂಕಣದಲ್ಲಿ ಇದೊಂದನ್ನು ಓದಿದರೂ ಸಾಕು.

2018ರ ಡಿಸೆಂಬರ್‌ನಲ್ಲಿ ನಾವು ಮಾಡಿದ್ದೂ ಇದೇ ಲೆಕ್ಕ. ಎರಡು ದಿನ, ನಾಲ್ಕು ಡೈವ್, ಕೊನೆಯದು 19 ಮೀಟರ್ ಆಳಕ್ಕೆ. ಮಧ್ಯಾಹ್ನ ಹನ್ನೆರಡೂವರೆಗೆ ನೀರಿನಿಂದ ಎದ್ದೆವು. ಮೂರಕ್ಕೆ ಮುರ್ಡೇಶ್ವರ ಬಿಟ್ಟು, ಅಂಕೋಲಾದಲ್ಲಿ ತಿರುಗಿ, ಅರಬೈಲ್ ಘಾಟಿ ಹತ್ತಿದೆವು. ಯಲ್ಲಾಪುರ ದಾಟಿ ಚಹಾಕ್ಕೆ ನಿಂತಾಗ ನಮ್ಮ ನಿಪ್ಪಾಣಿಯ ಗೆಳೆಯ ಗ್ಲಾಸನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ. 'ಹಲ್ಲುನೋವು ಮೊಣಕೈಗೆ ಬಂದಂಗ ಆಗೇದ' ಎಂದ. ಸಿಲಿಂಡರ್ ಎತ್ತಿದ್ದಕ್ಕೆ ಉಳುಕಿರಬೇಕು ಎಂದುಕೊಂಡು ಮುಲಾಮು ತಿಕ್ಕಿದೆವು. ಧಾರವಾಡ ಬರುವಷ್ಟರಲ್ಲಿ ಎರಡು ಬೆರಳು ಜೋಮು ಹಿಡಿದಿದ್ದವು.

ಮರುದಿನ ಅವನು ಒಂದು ಆಸ್ಪತ್ರೆಗೆ ಹೋದ. ಸಮುದ್ರಕ್ಕೆ ಹೋಗಿದ್ದಿರೇನು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಸಂಜೆ ನಮಗೆ ಡೈವಿಂಗ್ ಕಲಿಸಿದ ಗುರುಗಳಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ: 'ಘಾಟಿ ಎಷ್ಟು ಗಂಟೆಗೆ ಹತ್ತಿದಿರಿ?' ಆ ರಾತ್ರಿ ಆಮ್ಲಜನಕ ಕೊಡಿಸಿದೆವು. ಆಮೇಲೆ ಗಾಳಿಯ ಒತ್ತಡ ಏರಿಸಿ ಆಮ್ಲಜನಕ ಕೊಡುವ ಒತ್ತಡದ ಕೋಣೆಯಲ್ಲಿ ಎರಡು ಸಲ ಚಿಕಿತ್ಸೆಯಾಯಿತು. ಕಿರುಬೆರಳಿನ ಜೋಮು ಹೋಗಲು ಮೂರು ತಿಂಗಳು ಬೇಕಾಯಿತು. ಇವತ್ತಿಗೂ ಆ ಚಹಾದಂಗಡಿ ದಾಟುವಾಗ ನಮ್ಮ ಗಾಡಿಯಲ್ಲಿ ಯಾರೂ ಮಾತಾಡುವುದಿಲ್ಲ.

ಆದದ್ದು ಏನು? ಮುಂದಿನ ಸಲ ಬೆಳಗಾವಿಯಿಂದ ಗೋವಾಕ್ಕೆ ಇಳಿಯುವಾಗ ಖಾಲಿ ನೀರಿನ ಬಾಟಲಿಯ ಮುಚ್ಚಳ ಗಟ್ಟಿಯಾಗಿ ತಿರುವಿ ಸೀಟಿನ ಮೇಲೆ ಇಡಿ. ಚೋರ್ಲಾ ಘಾಟಿ ಇಳಿದು ಸಾಖಳಿ ಮುಟ್ಟುವಷ್ಟರಲ್ಲಿ ಅದರ ಪಕ್ಕೆ ಒಳಕ್ಕೆ ಹೋಗಿರುತ್ತದೆ. ಬರುವಾಗ ಅಲ್ಲಿಂದ ಚಿಪ್ಸ್ ಪೊಟ್ಟಣ ತನ್ನಿ. ಘಾಟಿ ಹತ್ತಿದಂತೆ ಅದು ಉಬ್ಬಿ ಬಿಗಿಯಾಗುತ್ತದೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಇಲ್ಲಿಯ ಗಾಳಿಯ ಒತ್ತಡ ದಂಡೆಗಿಂತ ಸುಮಾರು ನೂರಕ್ಕೆ ಎಂಟರಷ್ಟು ಕಡಿಮೆ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಒತ್ತಡಕ್ಕೆ ಸಿಕ್ಕು ಮೈಯೊಳಗೆ ಕರಗಿರುತ್ತದೆ, ಹೊರಬರಲು ತಾಸುಗಟ್ಟಲೆ ಬೇಕು. ಅದು ಇನ್ನೂ ಮೈಯಲ್ಲಿರುವಾಗಲೇ ಹೊರಗಿನ ಒತ್ತಡ ಇಳಿದರೆ ಕೀಲಿನಲ್ಲಿ, ನರದಲ್ಲಿ ಗುಳ್ಳೆಯಾಗುತ್ತದೆ. ಪೊಟ್ಟಣ ಉಬ್ಬುವ ಅದೇ ರಸ್ತೆಯಲ್ಲಿ ನಾವೂ ಕುಳಿತಿರುತ್ತೇವೆ.

'ಡೈವ್ ಆದ ಮೇಲೆ ವಿಮಾನ ಹತ್ತಬೇಡಿ' ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆದರೆ ಡೈವ್ ಮಾಡುವವರ ಸುರಕ್ಷತೆಗೆ ದುಡಿಯುವ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ 2002ರ ಕಾರ್ಯಾಗಾರದಿಂದ ಬಂದ ಆ ಸೂಚನೆ ಅನ್ವಯಿಸುವುದು 2,000ದಿಂದ 8,000 ಅಡಿ ಎತ್ತರದ ಒತ್ತಡಕ್ಕೆ. 2,000 ಅಡಿ ಎಂದರೆ 610 ಮೀಟರ್. ಬೆಳಗಾವಿ ಸುಮಾರು 2,500 ಅಡಿ! ಮುಂಬೈಯವರಿಗೆ, ಮಂಗಳೂರಿನವರಿಗೆ ಈ ಚಿಂತೆ ಇಲ್ಲ, ಡೈವ್ ಮುಗಿಸಿ ದಂಡೆಗುಂಟ ಮನೆಗೆ ಹೋಗುತ್ತಾರೆ. ನಮಗೆ ಮನೆಗೆ ಹೋಗುವುದೆಂದರೇ ಮೇಲೆ ಹತ್ತುವುದು. ನಿಮ್ಮ ಗೋಕಾಕ ತಗ್ಗಿನಲ್ಲಿದೆ, ನಿಜ, ಆದರೆ ದಾರಿ ಧಾರವಾಡದ ಮೇಲೆ ಹಾಯುತ್ತದೆ. ಅದು 700 ಮೀಟರಿಗಿಂತ ಎತ್ತರ.

ಆ ಸೂಚನೆಯ ಪ್ರಕಾರ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಎರಡು ಮೂರು ದಿನದ ಡೈವ್ ಆಗಿದ್ದರೆ ಕನಿಷ್ಠ 18 ತಾಸು ಕಾಯಬೇಕು. ಆದ್ದರಿಂದ ನಿಮ್ಮ ಲೆಕ್ಕವನ್ನು ಒಂದು ದಿನ ಹಿಂದಕ್ಕೆ ಸರಿಸಿ. ಗುರುವಾರ ರಾತ್ರಿ ಹೊರಡಿ, ಶುಕ್ರವಾರ ಮತ್ತು ಶನಿವಾರ ಡೈವ್ ಮಾಡಿ, ಶನಿವಾರ ರಾತ್ರಿ ದಂಡೆಯಲ್ಲೇ ಮಲಗಿ, ರವಿವಾರ ನಾಷ್ಟಾ ಮಾಡಿ ಹೊರಡಿ. ಒಂದು ದಿನ ರಜೆ ಸಿಗದಿದ್ದರೆ ಶನಿವಾರ ಮಾತ್ರ ನೀರಿಗಿಳಿಯಿರಿ. ಕೈಯಲ್ಲಿ ಆಳ, ಸಮಯದ ಲೆಕ್ಕವಿಡುವ ಗಡಿಯಾರದಂಥ ಡೈವ್ ಕಂಪ್ಯೂಟರ್ ಇದ್ದರೆ ಅದರ ಮೇಲಿನ ಪುಟ್ಟ ವಿಮಾನದ ಚಿತ್ರ ಮಾಯವಾಗುವವರೆಗೆ ಘಾಟಿಯ ಹೆಸರು ಎತ್ತಬೇಡಿ.

ಇಷ್ಟಾಗಿಯೂ ಕೀಲುನೋವು, ಜೋಮು, ಅತಿಯಾದ ಸುಸ್ತು, ತಲೆ ತಿರುಗುವುದು ಕಂಡರೆ ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳಿ: 'ಇಷ್ಟು ಗಂಟೆಗೆ, ಇಷ್ಟು ಆಳಕ್ಕೆ ಡೈವ್ ಮಾಡಿದ್ದೆ, ಆಮೇಲೆ ಘಾಟಿ ಹತ್ತಿದೆ.' ಶುದ್ಧ ಆಮ್ಲಜನಕ ಕೇಳಿ ಪಡೆಯಿರಿ, ಡೈವಿಂಗ್ ಬಲ್ಲ ವೈದ್ಯರೊಡನೆ ಮಾತಾಡಿಸಿ. ನಾವು ಕಳೆದುಕೊಂಡ ಆ ಒಂದು ದಿನ ನನ್ನನ್ನು ಈಗಲೂ ಕಾಡುತ್ತದೆ.

*

ಪ್ರಶ್ನೆ: ನಮ್ಮ ಗುಂಪಿನಲ್ಲಿ ಆರು ಹುಡುಗಿಯರು, ಇಬ್ಬರಿಗೆ ಈಜು ಬರುವುದಿಲ್ಲ. ಮಾಲವಣ, ಗೋವಾ, ನೇತ್ರಾಣಿ, ಯಾವುದು ಮೊದಲು?
— ಬೆಳಗಾವಿ ಶಹಾಪುರದ ಓದುಗಿ

ಮಾಲವಣ. ಸಿಂಧುದುರ್ಗ ಕೋಟೆಯ ಆಸುಪಾಸು ನೀರು ಆಳವಿಲ್ಲ, ಈಜು ಬಾರದವರನ್ನೂ ಶಿಕ್ಷಕರು ಕೈಹಿಡಿದು ಇಳಿಸುತ್ತಾರೆ, ಆಂಬೋಲಿ ಘಾಟಿಯ ದಾರಿಯೂ ಹತ್ತಿರ. ಆದರೆ ಅಲ್ಲಿ ಹತ್ತು ಹದಿನೈದು ನಿಮಿಷ ಇಳಿದು ಫೋಟೋ ತೆಗೆಸಿಕೊಂಡದ್ದನ್ನು ಡೈವಿಂಗ್ ಕಲಿತದ್ದು ಎಂದುಕೊಳ್ಳಬೇಡಿ. ನೀರು ಹಿಡಿಸಿತು ಎನ್ನಿಸಿದರೆ ಈಜು ಕಲಿತು ಕೋರ್ಸ್ ಮಾಡಿ. ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜು, 10 ನಿಮಿಷ ತೇಲುವುದು ಬರಬೇಕು. ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಡೈವಿಂಗ್ ಸಂಸ್ಥೆಯೇ ಇದೆ, ಕಲಿಕೆಗೆಂದೇ 8 ಮೀಟರ್ ಆಳದ ಕೊಳ ಕಟ್ಟಿದ್ದಾರೆ.

ಗೋವಾದ ಗ್ರಾಂಡ್ ಐಲ್ಯಾಂಡ್‌ನಲ್ಲಿ ಮುಳುಗಿದ ಹಡಗಿನ ಅವಶೇಷ ನೋಡುವ ಸಂತೋಷವೇ ಬೇರೆ, ಆದರೆ ನೀರು ಮಂಜಾಗಿದ್ದ ದಿನ ಮೂರು ನಾಲ್ಕು ಮೀಟರ್ ಆಚೆ ಏನೂ ಕಾಣದು. ನೇತ್ರಾಣಿ ಕೊನೆಗಿರಲಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದು ತಾಸಿಗೂ ಮೇಲೆ. ಹಿಂದಿನ ರಾತ್ರಿ ಎಣ್ಣೆಯದ್ದು ತಿನ್ನಬೇಡಿ. ಮಿರ್ಚಿ ಭಜಿ ತಿಂದು ಬೋಟ್ ಹತ್ತಿದ ಗೆಳತಿಯೊಬ್ಬಳು ನೀರಿಗಿಳಿಯದೆ ಇಡೀ ದಿನ ಅಂಚು ಹಿಡಿದು ಕೂತದ್ದನ್ನು ನೋಡಿದ್ದೇನೆ, ಪಾಪ ಅನ್ನಿಸಿತು. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ. ಮಳೆಗಾಲದಲ್ಲಿ ಎಲ್ಲವೂ ಬಂದ್.

*

ಪ್ರಶ್ನೆ: ನಮ್ಮೆಜಮಾನರ ಸಿಲಿಂಡರ್ 30 ನಿಮಿಷಕ್ಕೆ ಮುಗಿಯುತ್ತದೆ, ಉಳಿದವರದು 45 ನಿಮಿಷ ಬರುತ್ತದೆ. ಅವರಿಂದಾಗಿ ಎಲ್ಲರೂ ಮೇಲೆ ಬರಬೇಕಾಯಿತು ಎಂದು ಗೆಳೆಯರು ಮುನಿಸಿಕೊಂಡಿದ್ದಾರೆ. ಅವರಲ್ಲಿ ಏನಾದರೂ ದೋಷವಿದೆಯೇ?
— ಚಿಕ್ಕೋಡಿಯ ಓದುಗಿ

ದೋಷವಿಲ್ಲ. ಲೆಕ್ಕ ಹಾಕೋಣ. 11 ಲೀಟರಿನ ಸಿಲಿಂಡರಿಗೆ 200 ಬಾರ್ (ದಂಡೆಯ ಗಾಳಿಯ ಸುಮಾರು 200 ಪಟ್ಟು ಒತ್ತಡ) ತುಂಬಿದರೆ 2,200 ಲೀಟರ್ ಗಾಳಿ. 50 ಬಾರ್ ಆಪತ್ತಿಗೆ ಉಳಿಸಿದರೆ ಬಳಸಲು 1,650. ದೊಡ್ಡ ಮೈಕಟ್ಟಿನವರು ದಂಡೆಯಲ್ಲಿ ನಿಮಿಷಕ್ಕೆ 20 ಲೀಟರ್ ಎಳೆದರೆ, 18 ಮೀಟರ್ ಆಳದಲ್ಲಿ ಒತ್ತಡ 2.8 ಪಟ್ಟು, ಅಂದರೆ 56 ಲೀಟರ್. 1,650 ಭಾಗಿಸು 56, ಬಂತಲ್ಲ 29 ನಿಮಿಷ! ಕೈ ಬಡಿಯುವುದು ಬಿಟ್ಟು, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಸರಿ ಮಾಡಿಕೊಂಡು, ಉಸಿರು ನಿಧಾನ ಬಿಡುವುದು ರೂಢಿಯಾದರೆ ತಾನೇ ಹೆಚ್ಚುತ್ತದೆ. ಗೆಳೆಯರಿಗೆ ಹೇಳಿ: ಜೋಡಿ ಜೋಡಿಯಾಗಿ ಇಳಿಯುವುದು, ಸಿಲಿಂಡರಿನ ಗೇಜ್ 100 ಬಾರ್ ತೋರಿಸಿದಾಗ ಕೈಸನ್ನೆ ಮಾಡುವುದು, ಮೊದಲು ಮುಗಿದವರ ಜೋಡಿ ಅವರೊಡನೆಯೇ ಮೇಲೆ ಬರುವುದು. ಗಾಳಿ ಮುಗಿಯುತ್ತಿದೆ ಎನ್ನಲು ನಾಚಿಕೆಪಡುವ ವಾತಾವರಣ ಗುಂಪಿನಲ್ಲಿ ಹುಟ್ಟಲೇಬಾರದು. ನನಗೆ ಅದರಷ್ಟು ಭಯ ಯಾವ ಮೀನಿನದೂ ಇಲ್ಲ.

*

ಪ್ರಶ್ನೆ: ವಯಸ್ಸು 54. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವನು ನಾನು. ಈಗಲೂ ತಳ ಮುಟ್ಟಿ ಬರುತ್ತೇನೆ, ಕಿವಿ ಮಾತ್ರ ಒತ್ತುತ್ತದೆ. ಬಿ.ಪಿ. ಗುಳಿಗೆ ನಡೆದಿದೆ. ಮಗನ ಜೊತೆ ಡೈವ್ ಮಾಡಬಹುದೇ?
— ವಿಜಯಪುರದ ಓದುಗ

ಮೊದಲು ವೈದ್ಯರ ಒಪ್ಪಿಗೆ. ಡೈವಿಂಗ್ ಕೇಂದ್ರದ ಆರೋಗ್ಯ ಪತ್ರದಲ್ಲಿ ಬಿ.ಪಿ. ವಿಷಯ ಮುಚ್ಚಿಡಬೇಡಿ. ಕಿವಿಗೆ ಉಪಾಯವಿದೆ: ಮೂಗು ಒತ್ತಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ನೋವು ಬಂದ ಮೇಲಲ್ಲ, ಬರುವ ಮೊದಲೇ, ಮೀಟರಿಗೊಂದು ಸಲ. ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ, ಜೋರು ಮಾಡಬೇಡಿ. ನೆಗಡಿ ಇದ್ದ ದಿನ ಬೋಟಿನಲ್ಲೇ ಕೂಡಿ.

ನಿಮ್ಮಂಥ ಬಾವಿಯ ಈಸುಗಾರರಿಗೆ ಬೇರೆ ಒಂದು ಮಾತು ಒತ್ತಿ ಹೇಳಬೇಕು. ಉಸಿರು ಬಿಗಿಹಿಡಿಯುವುದು ನಿಮಗೆ ಬಾಲ್ಯದಿಂದ ಬಂದ ವಿದ್ಯೆ. ಸ್ಕೂಬಾದಲ್ಲಿ ಅದನ್ನು ಮರೆಯಬೇಕು. ಬಾವಿಯಲ್ಲಿ ಮೇಲಿನಿಂದ ಒಯ್ದ ಉಸಿರು ತಳದಲ್ಲಿ ಕುಗ್ಗಿ, ಮೇಲೆ ಬಂದಾಗ ಇದ್ದಷ್ಟೇ ಆಗುತ್ತದೆ. ಸಿಲಿಂಡರಿನ ಗಾಳಿ ಹಾಗಲ್ಲ. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಉಸಿರು ಕಟ್ಟಿದ್ದರೆ ಶ್ವಾಸಕೋಶ ಹರಿಯಬಹುದು. ನಮ್ಮ ಬೈಲಹೊಂಗಲದ ಗೆಳತಿಯೂ ಹೊಲದ ಬಾವಿಯಲ್ಲೇ ಕಲಿತವಳು. ಮೊದಲ ವರ್ಷ ಅವಳ ಎದುರಿಗೇ ಇರುತ್ತಿದ್ದೆ. ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರಿನಿಂದ ಗುಳ್ಳೆ ಬರುವುದು ನಿಂತ ಕೂಡಲೇ ಎದೆ ಮುಟ್ಟಿ ತೋರಿಸುತ್ತಿದ್ದೆ, ಅವಳು ಉಸಿರು ಬಿಡುತ್ತಿದ್ದಳು. ಮಗನಿಗೂ ಈ ಸನ್ನೆ ಕಲಿಸಿ.

*

ಪ್ರಶ್ನೆ: ನಮ್ಮ ಹಳೇ ಮನೆ ಮುಳುಗಡೆಯಲ್ಲಿ ಹೋಯಿತು. ನಾನಾಗ ಸಣ್ಣವ. ಈಗ ಡೈವಿಂಗ್ ಕಲಿತಿದ್ದೇನೆ. ಇಬ್ಬರು ಗೆಳೆಯರ ಜೊತೆ ಹಿನ್ನೀರಿನಲ್ಲಿ ಇಳಿದು ನಮ್ಮ ಓಣಿ ನೋಡಿ ಬರಬೇಕೆಂಬ ಆಸೆ. ಸಿಲಿಂಡರ್ ಬಾಡಿಗೆಗೆ ತರುತ್ತೇವೆ. ಸಾಧ್ಯವೇ?
— ಬಾಗಲಕೋಟೆ ನವನಗರದ ಓದುಗ

ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಇಳಿಯಬೇಡಿ ಎಂದು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ.

ನೀವು ಅಲ್ಲಿ ಏನನ್ನೂ ಕಾಣಲಾರಿರಿ. ಒಮ್ಮೆ ಗುರುಗಳ ಜೊತೆ, ಮಾಲೀಕರ ಒಪ್ಪಿಗೆ ಪಡೆದು, ನೀರು ನಿಂತ ಕಲ್ಲಿನ ಕ್ವಾರಿಯೊಂದರಲ್ಲಿ ಇಳಿದಿದ್ದೆ. ಐದು ಮೀಟರಿಗೆ ಬೆಳಕು ಚಹಾದ ಬಣ್ಣಕ್ಕೆ ತಿರುಗಿತು. ತಳಕ್ಕೆ ಫಿನ್ ತಾಗಿದ್ದೇ ತಡ ಕೆಸರೆದ್ದು, ಗೇಜನ್ನು ಮಾಸ್ಕಿನ ಗಾಜಿಗೆ ಒತ್ತಿ ಹಿಡಿದರೂ ಅಂಕಿ ಕಾಣಲಿಲ್ಲ. ಗುರುಗಳ ಕೈ ನನ್ನ ತೋಳಿನ ಮೇಲಿತ್ತು, ಅವರ ಮುಖ ಮಾತ್ರ ಕಾಣುತ್ತಿರಲಿಲ್ಲ. ನಿಮ್ಮ ಹಿನ್ನೀರಿನ ತಳದಲ್ಲಿ ಇರುವುದು ಘಟಪ್ರಭೆ ಹೊತ್ತು ತಂದ ಹೂಳು. ಅದರಲ್ಲಿ ಗೋಡೆ, ಕಂಬ, ಮುಳ್ಳುಕಂಟಿ, ಮೀನಿನ ಬಲೆ. ಬಲೆಗೆ ಸಿಕ್ಕ ಕಾಲನ್ನು ಕಾಣದ ನೀರಿನಲ್ಲಿ ಬಿಡಿಸಿಕೊಳ್ಳುವುದನ್ನು ಓಪನ್ ವಾಟರ್ ಕೋರ್ಸ್ ಕಲಿಸುವುದಿಲ್ಲ. ಮೇಲಾಗಿ ಈ ಹಿನ್ನೀರು ನಿಲ್ಲಿಸಿದ ಆಲಮಟ್ಟಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್ ಮೇಲೆ. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಸಮುದ್ರದ ಲೆಕ್ಕ ನಡೆಯುವುದಿಲ್ಲ, ಬೇರೆ ಕೋಷ್ಟಕವೇ ಬೇಕು. ಜಲಾಶಯದಲ್ಲಿ ಅನುಮತಿಯಿಲ್ಲದೆ ಇಳಿಯುವುದೂ ತಪ್ಪು.

ನಮ್ಮ ಕಡೆ ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ಹತ್ತಿರ ವಿಠ್ಠಲನ ಗುಡಿಯೊಂದು ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ, ಜನ ನಡೆದು ಹೋಗಿ ಕೈಮುಗಿಯುತ್ತಾರೆ. ನೀವೂ ಮೇ ತಿಂಗಳವರೆಗೆ ತಡೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಅವರನ್ನು ಕೂರಿಸಿಕೊಂಡು ಓಣಿಯ ನಕ್ಷೆ ಬರೆಸಿ: ಯಾವ ಕಟ್ಟೆಯ ಪಕ್ಕ ಯಾರ ಮನೆ, ಬೇವಿನ ಗಿಡ ಎಲ್ಲಿ, ಹೊಳೆ ಎತ್ತ. ನೀರು ಸರಿದ ಮೇಲೆ ಆ ಕಾಗದ ಹಿಡಿದು, ಅವರ ಜೊತೆಗೇ ದಂಡೆಗೆ ಹೋಗಿ. ಏನಾದರೂ ಗುರುತು ಸಿಕ್ಕರೆ ನನಗೊಂದು ಪತ್ರ ಬರೆಯಿರಿ.